ಮೂವತ್ತೆಂಟು ಕುದುರೆಗಳ ಹೆಸರು

"ಅಲ್ಲಾಡ್ಬೇಡಿ, ಒಂದೇ ನಿಮಿಷ," ಎಂದು ಸರ್ನೈ ಕುದುರೆಗಳನ್ನು ಬೇಡಿಕೊಂಡಳು.

ಅವು ಕೇಳಬೇಕಲ್ಲ. ಬಾವಿಯ ಪಕ್ಕದ ಉದ್ದ ತೊಟ್ಟಿಗೆ ಬಾಯಿ ಹಾಕಿ, ಹೆಗಲಿನಿಂದ ಒಂದನ್ನೊಂದು ನೂಕುತ್ತಿದ್ದವು. ಕುಡಿದಾದವು ಹಿಂದೆ ಸರಿದವು, ಕುಡಿಯದವು ಮುಂದೆ ನುಗ್ಗಿದವು. ಎಣಿಸಿದ್ದನ್ನೇ ಮತ್ತೆ ಎಣಿಸಿ ಸರ್ನೈ ಪುಸ್ತಕದಲ್ಲಿ ಎರಡು ಸಲ ಗೀಟು ಅಳಿಸಿದಳು. ಮೂರನೆಯ ಸಲ ಲೆಕ್ಕ ಸರಿಹೋಯಿತು.

"ಎಷ್ಟಾಯ್ತೇ?" ಎಂದು ಅವಳ ಅಣ್ಣ ಹಂಗಾಯ್ ಪಂಪಿನ ಹತ್ತಿರದಿಂದ ಕೇಳಿದ.

"ಮೂವತ್ತೆಂಟು. ಮೊನ್ನೆ ಮೂವತ್ತೆಂಟು, ನಿನ್ನೆ ಮೂವತ್ತೆಂಟು, ಇವತ್ತೂ ಮೂವತ್ತೆಂಟು."

"ಹಾಗಾದ್ರೆ ಎಲ್ಲ ಸರಿಯಾಗಿದೆ ಬಿಡು," ಎಂದು ಹಂಗಾಯ್ ಪಂಪು ನಿಲ್ಲಿಸಿದ.

ಸರ್ನೈಗೆ ಹತ್ತು ವರ್ಷ. ಶಾಲೆ ನಡೆಯುವಾಗ ಅವಳು ಊರಿನ ಹಾಸ್ಟೆಲಿನಲ್ಲಿರುತ್ತಾಳೆ. ವಸಂತದ ರಜೆಗೆ ಮೂರು ದಿನದ ಹಿಂದೆ ಹುಲ್ಲುಗಾವಲಿಗೆ, ಮನೆಗೆ ಬಂದಿದ್ದಳು. ಕುರಿಗಳು ಮರಿ ಹಾಕುವ ಕಾಲವಾದ್ದರಿಂದ ಅಪ್ಪ ಅಮ್ಮ ಅವುಗಳ ಜೊತೆ ಬೆಟ್ಟದಾಚೆಯ ಕಣಿವೆಯಲ್ಲಿದ್ದರು. ಇಲ್ಲಿದ್ದದ್ದು ಅಜ್ಜ, ಹಂಗಾಯ್ ಮತ್ತು ಕುದುರೆಗಳು. ಹಂಗಾಯ್ ಕೂಡ ಒಂದು ವರ್ಷದ ಸೈನ್ಯದ ಕೆಲಸ ಮುಗಿಸಿ ಬಂದು ಇನ್ನೂ ತಿಂಗಳಾಗಿರಲಿಲ್ಲ.

ರಜೆಗೆ ಒಯುನ್ ಟೀಚರ್ ಒಂದು ಹೋಮ್‌ವರ್ಕ್ ಕೊಟ್ಟಿದ್ದರು. ಮನೆಯಲ್ಲಿ ಸಿಗುವ ಯಾವುದಾದರೂ ಒಂದರ ಮಾಹಿತಿ ಕೂಡಿಸಬೇಕು, ಗುಂಪು ಮಾಡಿ ಪಟ್ಟಿ ಬರೆಯಬೇಕು. ಕೊನೆಗೆ, ಪಟ್ಟಿಯಿಂದ ಏನು ಗೊತ್ತಾಯಿತು ಅಂತ ಎರಡು ಸಾಲು. ಸರ್ನೈ ಕುದುರೆಗಳ ಬಣ್ಣ ಆರಿಸಿಕೊಂಡಳು. ಬರೆಯಲು ಸುಲಭವಾಗಲಿ ಎಂದು ಬಣ್ಣಕ್ಕೊಂದು ನಂಬರು ಕೊಟ್ಟಳು. ಕಂದು ಒಂದು, ಕಪ್ಪು ಎರಡು, ಬೂದು ಮೂರು, ಬಿಳಿ ನಾಲ್ಕು, ಇತರೆ ಐದು.

ಉಣ್ಣೆಯ ದುಂಡು ಗುಡಾರದ ಮನೆ, ಗೆರ್‌ನ ಒಳಗೆ, ಒಲೆಯ ಪಕ್ಕದ ಮಂಚದಲ್ಲಿ ಅಜ್ಜ ಗೊಂಬೊ ಕೂತಿದ್ದರು. ಜಿಲ್ಲಾ ಆಸ್ಪತ್ರೆಯಲ್ಲಿ ಅವರ ಒಂದು ಕಣ್ಣಿನ ಪೊರೆ ತೆಗೆದು ಬ್ಯಾಂಡೇಜು ಕಟ್ಟಿದ್ದರು. ಇನ್ನೊಂದು ಕಣ್ಣಿಗೂ ಪೊರೆ ಬಂದಿತ್ತು, ಅದರ ಸರದಿ ಮುಂದಿನ ತಿಂಗಳು. ಹತ್ತು ದಿನ ಗಾಳಿಗೆ, ಧೂಳಿಗೆ, ಬಿಸಿಲಿಗೆ ಹೊರಗೆ ಬರಬಾರದೆಂದು ಡಾಕ್ಟರು ಹೇಳಿದ್ದರು. ಮಾರ್ಚ್ ತಿಂಗಳಲ್ಲಿ ಗೋಬಿ ಮರುಭೂಮಿಯ ಕಡೆಯಿಂದ ಬರುವುದು ಧೂಳೇ.

ಸರ್ನೈ ಬಾಗಿಲು ತಳ್ಳಿ ಬಂದ ಕೂಡಲೆ ಅಜ್ಜ ಮುಖ ಎತ್ತಿದರು.

"ಯಾರ್ಯಾರು ಬಂದಿದ್ರು, ಕೂಸೇ?"

"ಮೂವತ್ತೆಂಟೂ ಬಂದಿದ್ವು ಅಜ್ಜ. ಒಂದನೇ ನಂಬರು ಹದಿನೇಳು."

"ಒಂದನೇ ನಂಬರು ಅಂದ್ರೆ?"

ಸರ್ನೈ ವಿವರಿಸಿದಳು. ಅಜ್ಜ ಉಪ್ಪು ಹಾಕಿದ ಹಾಲಿನ ಚಹದ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತ ಕೇಳಿಸಿಕೊಂಡರು. ಕಂದು ಯಾಕೆ ಒಂದು, ಅದೇನು ಎಲ್ಲಕ್ಕಿಂತ ಮೇಲಾ ಎಂದು ಕೇಳಿದರು. ಹಾಗೇನಿಲ್ಲ, ಮೊದಲು ಕಂಡಿದ್ದು ಅದು, ಅಷ್ಟೇ ಎಂದಳು ಸರ್ನೈ.

"ಐದು?"

"ಇತರೆ."

"ಇತರೆ ಅಂತ ಒಂದು ಕುದುರೆ ನನ್ನ ಮಂದೇಲಿ ಇಲ್ವಲ್ಲಮ್ಮ," ಎಂದರು ಅಜ್ಜ. ಅವರು ಬಯ್ಯಲಿಲ್ಲ. ಆದರೆ ಬಟ್ಟಲನ್ನು ಕೆಳಗಿಟ್ಟರು. ಚಹ ಹಾಗೇ ಇತ್ತು.

ಮಧ್ಯಾಹ್ನ ಸರ್ನೈ ಲೆಕ್ಕ ಮಾಡಲು ಕೂತಳು. ಪಟ್ಟಿ ಅಂದ ಮೇಲೆ ಸರಾಸರಿ ಇರಬೇಕು ಎಂದು ಅವಳ ಲೆಕ್ಕ. ಮೂವತ್ತೆಂಟು ಕುದುರೆಗಳ ನಂಬರುಗಳನ್ನೆಲ್ಲ ಕೂಡಿದಳು, ಎಂಬತ್ತೈದು ಬಂತು. ಭಾಗಿಸಿದರೆ ಎರಡು ಪಾಯಿಂಟ್ ಎರಡು.

ಹಂಗಾಯ್ ಒಣಮೊಸರಿನ ಗಟ್ಟಿ ತುಂಡೊಂದನ್ನು ದವಡೆಯಲ್ಲಿಟ್ಟುಕೊಂಡು ಬಗ್ಗಿ ನೋಡಿದ.

"ಎರಡು ಅಂದ್ರೆ ಕಪ್ಪು ತಾನೇ? ಅಂದ್ರೆ ನಮ್ಮ ಸರಾಸರಿ ಕುದುರೆ ಕಪ್ಪು, ಒಂಚೂರು ಬೂದಿ ಮೆತ್ಕೊಂಡಿದೆ. ಪಾಪ, ಹದಿನೇಳು ಕಂದು ಕುದುರೆ ಎಲ್ಲಿಗೆ ಹೋಗ್ಬೇಕು?"

"ಲೆಕ್ಕ ಸರಿ ಇದೆ," ಎಂದಳು ಸರ್ನೈ.

"ಸರಿ ಇದ್ರೆ, ಈಗ ಕಂದಿಗೆ ಐದು ಕೊಡು, ಇತರೆಗೆ ಒಂದು ಕೊಡು. ಮತ್ತೆ ಮಾಡು."

ಅವಳು ಮಾಡಿದಳು. ಮೂರು ಪಾಯಿಂಟ್ ಆರು ಬಂತು, ಹೆಚ್ಚುಕಡಿಮೆ ನಾಲ್ಕು. ಹಂಗಾಯ್ ಮಂಚದ ಮೇಲೆ ಬಿದ್ದು ನಕ್ಕ. ಈಗಷ್ಟೇ ಕಪ್ಪಾಗಿದ್ದ ಮಂದೆ ಒಂದೇ ಸಲಕ್ಕೆ ಬೆಳ್ಳಗಾಯಿತು, ಸೋಪು ಯಾವುದು ಎಂದು ಕೇಳಿದ. ಸರ್ನೈಗೆ ಅಳು ಬರುವಷ್ಟು ಸಿಟ್ಟು ಬಂತು. ಪುಸ್ತಕ ಮುಚ್ಚಿ ಅದರ ಮೇಲೆಯೇ ಕೂತಳು. ಕುದುರೆಗಳು ಬದಲಾಗಿರಲಿಲ್ಲ, ಅವಳು ಅಂಟಿಸಿದ ನಂಬರು ಮಾತ್ರ ಬದಲಾಗಿತ್ತು. ಹಾಗಾದರೆ ಉತ್ತರ ಯಾಕೆ ಬದಲಾಗಬೇಕು?

ಸಂಜೆಯ ಹೊತ್ತಿಗೆ ದೂರದಲ್ಲಿ ಗೊರಸಿನ ಸದ್ದು ಕೇಳಿತು. ಅಜ್ಜ ಎದ್ದು, ಮಂಚ ಹಿಡಿದು, ಕಂಬ ಹಿಡಿದು ಬಾಗಿಲಿನವರೆಗೆ ನಡೆದರು. ಬಾಗಿಲು ತೆಗೆಯಲಿಲ್ಲ. ಕಿವಿಯನ್ನು ಹಲಗೆಗೆ ಒತ್ತಿ ನಿಂತರು. ಹಂಗಾಯ್ ಬಂದು ತೋಳು ಹಿಡಿದು ಅವರನ್ನು ಮತ್ತೆ ಮಂಚಕ್ಕೆ ಕರೆದುಕೊಂಡು ಹೋದ.

ಸರ್ನೈ ಅದನ್ನು ನೋಡಿದಳು. ಮೂರು ದಿನದಿಂದ ಅಜ್ಜ ಒಂದೇ ಮಾತು ಕೇಳುತ್ತಿದ್ದರು. ಎಷ್ಟು ಬಂದವು ಅಂತಲ್ಲ, ಯಾರು ಬಂದರು ಅಂತ.

ಅವಳು ಹೋಗಿ ಅಜ್ಜನ ಪಕ್ಕ ಕೂತಳು. "ಅಜ್ಜ, ಕಂದು ಅಂದ್ರೆ ಎಲ್ಲ ಕಂದೂ ಒಂದೇ ಅಲ್ವಾ?"

"ಎಲ್ಲಿ ಒಂದೇ?" ಅಜ್ಜ ತಟ್ಟನೆ ಅವಳ ಕಡೆ ತಿರುಗಿದರು. "ಮೈ ಕೆಂಚಾಗಿದ್ದು ಕುತ್ತಿಗೆಯ ಜೂಲೂ ಬಾಲವೂ ಕಪ್ಪಾಗಿದ್ರೆ ಖೇರ್. ಮೈ, ಜೂಲು, ಬಾಲ ಎಲ್ಲ ನರಿ ಬಣ್ಣ ಆದ್ರೆ ಜೇರ್ದ್. ಕುರಿಯ ಲಿವರ್ ಬಣ್ಣ ಇದ್ರೆ ಖುರೆನ್. ನಾವು ಕುದುರೆಗೆ ಬೇರೆ ಹೆಸರು ಇಡಲ್ಲ ಮರಿ. ಬಣ್ಣವೇ ಅದರ ಹೆಸರು. ಜೇರ್ದ್ ನಾಲ್ಕಿದ್ರೆ, ಬಿಳಿ ಕಾಲಿನ ಜೇರ್ದ್, ಹಣೆಪಟ್ಟಿ ಜೇರ್ದ್, ಹೀಗೆ."

"ಯಾವುದು ಮೇಲು?"

"ಹೆಸರಲ್ಲಿ ಮೇಲು ಕೆಳಗೆ ಏನಿರುತ್ತೆ? ನೀನು ಸರ್ನೈ, ಅವನು ಹಂಗಾಯ್. ಯಾರು ಮೇಲು?"

"ನಾನು," ಎಂದಳು ಸರ್ನೈ. ಅಜ್ಜ ಆ ಮೂರು ದಿನದಲ್ಲಿ ಮೊದಲ ಸಲ ನಕ್ಕರು.

ಮರುದಿನ ಬೆಳಿಗ್ಗೆ ಅವಳು ಎಣಿಸಲೇ ಇಲ್ಲ. ಹೊಸ ಪುಟ ತೆಗೆದು ಒಂದೊಂದೇ ಕುದುರೆಯನ್ನು ಸುತ್ತು ಹಾಕಿ ನೋಡಿದಳು. ಜೂಲು ಯಾವ ಬಣ್ಣ, ಬಾಲ ಯಾವ ಬಣ್ಣ, ಕಾಲಿನಲ್ಲಿ ಬಿಳಿ ಇದೆಯೇ, ಹಣೆಯಲ್ಲಿ ಏನಿದೆ. ಬೆರಳು ಮರಗಟ್ಟಿತು. ಒಂದು ಕುದುರೆ ಅವಳ ಟೋಪಿಯನ್ನು ಕಚ್ಚಿ ಎಳೆಯಿತು. ಹಂಗಾಯ್ ಎರಡನೆಯ ಸಲ ಪಂಪು ಹಾಕಬೇಕಾಯಿತು. ಆದರೂ ಅವನು ಕೀಟಲೆ ಮಾಡಲಿಲ್ಲ.

ಒಳಗೆ ಬಂದು ಸರ್ನೈ ಗಟ್ಟಿಯಾಗಿ ಓದಿದಳು. ಅಜ್ಜ ಕಣ್ಣು ಮುಚ್ಚಿಕೊಂಡು, ಒಂದೊಂದು ಹೆಸರಿಗೂ ತಲೆ ಆಡಿಸುತ್ತ ಕೇಳಿದರು. ಮುದಿ ಖೇರ್ ಬಂತು ಎಂದಾಗ ತುಟಿಯಲ್ಲಿ ನಗು ಬಂತು. ಕುಂಟು ಬೂದು ಬಂತು ಎಂದಾಗ, ಕಾಲು ಹೇಗಿದೆ ಎಂದು ಕೇಳಿದರು.

"ಜೇರ್ದ್, ಗಂಡು, ಜೂಲು ಕತ್ತರಿಸಿದೆ," ಎಂದು ಸರ್ನೈ ಓದಿದಳು.

ಅಜ್ಜನ ತಲೆಯಾಟ ನಿಂತಿತು. "ಜೂಲು ಕತ್ತರಿಸಿದ್ದಾ? ಸರಿಯಾಗಿ ನೋಡಿದೆಯಾ?"

"ಹೌದಜ್ಜ. ಬ್ರಶ್ ಥರ ಇದೆ."

"ನಮ್ಮಲ್ಲಿ ಅಂಥದ್ದು ಇಲ್ಲ. ಮುಂದೆ ಓದು."

ಅವಳು ಕೊನೆಯವರೆಗೂ ಓದಿದಳು. ಅಜ್ಜ ನಿಧಾನವಾಗಿ ಕೇಳಿದರು: ಹಿಂದಿನ ಎಡಗಾಲು ಬೆಳ್ಳಗಿರೋ ಜೇರ್ದ್ ಎಲ್ಲಿ? ಹೆಣ್ಣು ಕುದುರೆ, ಗಬ್ಬದ್ದು?

ಸರ್ನೈ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಇರಲಿಲ್ಲ.

ಯಾರದೋ ಕುದುರೆ ಮಂದೆಯೊಳಗೆ ಸೇರಿಕೊಂಡಿತ್ತು, ಅಜ್ಜನ ಕುದುರೆ ಹೊರಟುಹೋಗಿತ್ತು. ಒಂದು ಹೋಗಿ ಒಂದು ಬಂದರೆ ಮೂವತ್ತೆಂಟು ಮೂವತ್ತೆಂಟೇ. ಎರಡೂ ಕಂದು, ಎರಡೂ ಒಂದನೇ ನಂಬರು, ಹಾಗಾಗಿ ಹದಿನೇಳೂ ಹದಿನೇಳೇ. ಆ ಹೆಣ್ಣು ಕುದುರೆಯನ್ನು ಅಜ್ಜ ತಂದಿದ್ದು ಹೋದ ಶರತ್ಕಾಲದಲ್ಲಿ, ಹಂಗಾಯ್ ಸೈನ್ಯದಲ್ಲಿದ್ದಾಗ. ಅವನಿಗೂ, ಹಾಸ್ಟೆಲಿನಲ್ಲಿದ್ದ ಸರ್ನೈಗೂ ಅದರ ಗುರುತೇ ಇರಲಿಲ್ಲ.

"ಮೂರು ದಿನ ನಾನೇ ಎಲ್ಲ ಇದೆ ಅಂದೆ," ಎಂದಳು ಸರ್ನೈ. ಅವಳು ಮೂಗೆಳೆದುಕೊಂಡಳು.

"ನೀನು ಸುಳ್ಳು ಹೇಳಿಲ್ಲ," ಎಂದು ಅಜ್ಜ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡರು. "ಈಗ ಅಳೋಕೆ ಟೈಮಿಲ್ಲ. ಮರಿ ಹಾಕೋ ಹೊತ್ತಿಗೆ ಕುದುರೆ ತಾನು ಹುಟ್ಟಿದ ಜಾಗಕ್ಕೆ ಹೊರಡುತ್ತೆ. ಇದು ಬಡಗಣ ಕಣಿವೇದು. ಆ ಕಡೆಯವರಿಗೆ ತಿಳಿಸು."

ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ. ಸರ್ನೈ ಓಡುತ್ತ ಹತ್ತಿದಳು. ಸುತ್ತಲ ದನಗಾಹಿಗಳೆಲ್ಲ ಇದ್ದ ಗ್ರೂಪಿನಲ್ಲಿ "ಒಂದು ಕಂದು ಕುದುರೆ" ಎಂದು ಬರೆದು, ಅಳಿಸಿದಳು. ಮತ್ತೆ ಬರೆದಳು: "ಜೇರ್ದ್, ಹೆಣ್ಣು, ಹಿಂದಿನ ಎಡಗಾಲು ಬಿಳಿ, ಉದ್ದ ಜೂಲು, ಗಬ್ಬ. ಗೊಂಬೊ ಅಜ್ಜನ ಮನೆಯದು. ನಮ್ಮ ಮಂದೆಗೆ ಬಂದಿರುವುದು: ಜೇರ್ದ್, ಗಂಡು, ಜೂಲು ಕತ್ತರಿಸಿದೆ." ಗಾಳಿ ಅವಳ ಉದ್ದನೆಯ ಅಂಗಿಯನ್ನು ಹಿಡಿದು ಎಳೆಯಿತು. ತೆಂಕಣ ಆಕಾಶ ಹಳದಿಯಾಗತೊಡಗಿತ್ತು.

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ದುಲ್ಮಾ ಎಂಬ ಹೆಂಗಸು ಬರೆದಿದ್ದಳು. ಬಿಳಿ ಹಿಂಗಾಲಿನ ಜೇರ್ದ್ ಕೆಂಪು ಬಂಡೆಗಳ ಕೊರಕಲಿನಲ್ಲಿ ನಿನ್ನೆಯಿಂದ ಒಂಟಿಯಾಗಿ ನಿಂತಿದೆ, ಯಾರದೆಂದು ಗೊತ್ತಿರಲಿಲ್ಲ.

ಹಂಗಾಯ್ ಮೋಟಾರ್ ಬೈಕು ಹೊರಡಿಸಿದ. ಸರ್ನೈ ಒಂದು ದಪ್ಪ ಉಣ್ಣೆಯ ಹೊದಿಕೆಯನ್ನು ಎದೆಗವಚಿಕೊಂಡು ಹಿಂದೆ ಕೂತಳು. ಹನ್ನೆರಡು ಕಿಲೋಮೀಟರು. ಅರ್ಧ ದಾರಿಯಲ್ಲಿ ಧೂಳು ಬಂದೇ ಬಂತು. ಮುಂದಿನ ಚಕ್ರ ಕಾಣದಾಯಿತು. ಹಂಗಾಯ್ ಇಳಿದು ಬೈಕನ್ನು ತಳ್ಳಿದ, ಅವಳು ಅವನ ಸೊಂಟಪಟ್ಟಿ ಹಿಡಿದು ನಡೆದಳು.

ಕೊರಕಲಿನ ಮೂಲೆಯಲ್ಲಿ ಆ ಕುದುರೆ ಗಾಳಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ, ನಾಲ್ಕು ಕಾಲುಗಳ ನಡುವೆ, ಏನೋ ಒದ್ದೆಯಾದದ್ದು ಎದ್ದು ನಿಲ್ಲಲು ನೋಡಿ ಬೀಳುತ್ತಿತ್ತು.

ಅವರು ಹೊದಿಕೆಯಿಂದ ಮರಿಯನ್ನು ಒರೆಸಿದರು, ಬೆಚ್ಚಗೆ ಸುತ್ತಿದರು. ಗಾಳಿ ತಗ್ಗುವವರೆಗೆ ಬಂಡೆಯ ಮರೆಯಲ್ಲಿ ಅದನ್ನು ನಡುವೆ ಕೂರಿಸಿಕೊಂಡು ಕಾದರು. ತಾಯಿ ಮೊದಲು ಹಲ್ಲು ತೋರಿಸಿತು, ಆಮೇಲೆ ಸರ್ನೈಯ ಕುತ್ತಿಗೆಯ ಹತ್ತಿರ ಬಿಸಿಯುಸಿರು ಬಿಟ್ಟು ಸುಮ್ಮನಾಯಿತು. ಮರಿ ಹಾಲು ಕುಡಿಯಿತು. ದುಲ್ಮಾ ತನ್ನ ಚಿಕ್ಕ ಲಾರಿ ತಂದಳು. ಜೂಲು ಕತ್ತರಿಸಿದ ಕುದುರೆಯ ಯಜಮಾನರೂ ಉತ್ತರಿಸಿದ್ದಾರೆ, ನಾಳೆ ಬಂದು ಹಿಡಿದುಕೊಂಡು ಹೋಗುತ್ತಾರೆ ಎಂದಳು.

ಅವರು ಮನೆ ಮುಟ್ಟಿದಾಗ ಗಾಳಿ ನಿಂತು, ಇಳಿಬಿಸಿಲು ಬಿದ್ದಿತ್ತು. ಲಾರಿಯ ಸದ್ದಿಗೆ ಅಜ್ಜ ಬಾಗಿಲಿನ ಒಳಗೇ ಬಂದು ನಿಂತಿದ್ದರು.

"ಮರಿ ಇದೆಯಾ?"

"ಇದೆ ಅಜ್ಜ. ಹೆಣ್ಣು."

"ಯಾವ ಬಣ್ಣ?"

ಸರ್ನೈ ಕಂದು ಎನ್ನಲು ಹೋಗಿ ತಡೆದುಕೊಂಡಳು. ಲಾರಿಯಿಂದ ಇಳಿಸಿದ್ದ ಮರಿಯ ಪಕ್ಕ ಮೊಣಕಾಲೂರಿ ಕೂತಳು.

"ಮೈ ಎಲ್ಲ ನರಿ ಬಣ್ಣ," ಎಂದು ಶುರುಮಾಡಿದಳು. "ಆದ್ರೆ ಹೊಟ್ಟೆ ಕೆಳಗೆ ಬೂದಿ ಉದುರಿಸಿದ ಹಾಗಿದೆ. ಜೂಲು ಗಿಡ್ಡ, ಗುಂಗುರು, ಬೇರಿನ ಹತ್ತಿರ ಕಪ್ಪು. ಬಾಲದ ತುದೀಲಿ ನಾಲ್ಕೈದು ಬಿಳಿ ಕೂದಲು. ಹಣೇಲಿ ಏನೂ ಇಲ್ಲ. ಇರಿ, ಇದೆ. ಹೆಬ್ಬೆಟ್ಟಿನಷ್ಟು ಒಂದು ಬಿಳಿ ಚುಕ್ಕೆ, ಸರಿಯಾಗಿ ನಡುವೆ ಅಲ್ಲ, ಎಡಗಣ್ಣಿನ ಕಡೆ. ಮೂಗು ಗುಲಾಬಿ. ಇದಕ್ಕೆ ಏನು ಹೆಸರು ಅಂತ ನಂಗೊತ್ತಿಲ್ಲ ಅಜ್ಜ."

"ಹುಟ್ಟುಗೂದಲು ಉದುರಲಿ, ಅದೇ ಹೇಳುತ್ತೆ," ಎಂದರು ಅಜ್ಜ. ಬ್ಯಾಂಡೇಜಿನ ಮುಖವನ್ನು ಅವಳ ದನಿಯ ಕಡೆಗೆ ತಿರುಗಿಸಿದರು.

"ಕಾಣ್ತಾ ಇದೆ," ಎಂದರು ಆಮೇಲೆ. "ಕಾಲು ಹೇಳು."

ಸರ್ನೈ ಇನ್ನೂ ಹತ್ತಿರ ಸರಿದು, ಒಂದೊಂದೇ ಕಾಲನ್ನು ನೋಡತೊಡಗಿದಳು.