ರಕ್ತ ಕೊಡುವ ನಾಯಿ

ಬೆಳಿಗ್ಗೆ ಒಂಬತ್ತಕ್ಕೆ ಹೊಲಿಗೆ ಅಂಗಡಿಯ ಒಡತಿ ಠಾಣೆಗೆ ಬಂದರು. ಅವರ ಎಳೆಯ ನಾಯಿ ಹಿಂದಿನ ದಿನ ಸತ್ತಿತ್ತು. ಒಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಕಳೆದ ತಿಂಗಳು ಪಕ್ಕದ ಮನೆಯ ನಾಯಿಯೂ ಹೀಗೇ ಸತ್ತಿತ್ತು.

"ಯಾರೋ ವಿಷ ಹಾಕ್ತಿದಾರೆ ಸಾರ್. ಇದರ ತಾಯಿಗೆ ಗಡ್ಡೆ ಆಗಿದೆ, ಆಪರೇಷನ್‌ಗೆ ಆಸ್ಪತ್ರೇಲಿ ಬಿಟ್ಟಿದೀನಿ. ಅದೂ ಹೋದ್ರೆ ಮನೇಲಿ ನಾನೊಬ್ಬಳೇ."

"ಯಾರ ಮೇಲೆ ಅನುಮಾನ?"

"ಎಲ್ಲರ ಮೇಲೂ."

ಇಷ್ಟೊಂದು ಆರೋಪಿಗಳು ಎಫ್‌ಐಆರ್‌ನಲ್ಲಿ ಹಿಡಿಸುವುದಿಲ್ಲ. ಇನ್ಸ್‌ಪೆಕ್ಟರ್ 'ಅಪರಿಚಿತ ವ್ಯಕ್ತಿ' ಎಂದು ಬರೆಸಿ, ಕಳೇಬರದ ಪಂಚನಾಮೆ ಮಾಡಿಸಿ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿದರು.

ಮೂರನೆಯ ದಿನ ಅಲ್ಲಿಂದ ಫೋನ್ ಬಂತು.

"ವಿಷ ಇಲ್ಲ. ಕೆಂಪು ರಕ್ತಕಣದೊಳಗೆ ಪರೋಪಜೀವಿ ಇದೆ. ಕಾಡುನರಿಗಳಲ್ಲಿ ಇರೋದು, ಉಣ್ಣಿ ಕಚ್ಚಿ ನಾಯಿಗೆ ಬರುತ್ತೆ."

"ಇದು ಗೇಟು ದಾಟದ ನಾಯಿ. ಮೈಮೇಲೆ ಒಂದು ಉಣ್ಣಿಯೂ ಇರಲಿಲ್ಲ."

"ಹಾಗಾದ್ರೆ ರಕ್ತ ಕೊಡಿಸಿದ್ರಾ ಕೇಳಿ."

ಇನ್ಸ್‌ಪೆಕ್ಟರ್ ಒಡತಿಯನ್ನು ಕರೆಸಿ ಕೇಳಿದರು. ಕಿಟಕಿ ಗಾಜು ತಗುಲಿ ನಾಯಿಯ ತೊಡೆ ಸೀಳಿದಾಗ ಅದೇ ಆಸ್ಪತ್ರೆಯಲ್ಲಿ ಕೊಡಿಸಿದ್ದರಂತೆ. ಪಕ್ಕದ ಮನೆಯ ನಾಯಿಗೂ ಹೆರಿಗೆಯಲ್ಲಿ ಅಲ್ಲೇ ಕೊಟ್ಟಿದ್ದರಂತೆ.

"ಇವತ್ತು ತಾಯಿಗೂ ಕೊಡ್ತಾರೆ ಸಾರ್. ಈಗಲೇ."

ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ದಾರಿಯಲ್ಲಿ ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಅವರಿಗೆ ನಿಜವಾಗಿಯೂ ಭಯವಾಗಿತ್ತು.

ಆಸ್ಪತ್ರೆಯಲ್ಲಿ ಆಪರೇಷನ್ ಮೇಜಿನ ಮೇಲೆ ತಾಯಿನಾಯಿ ಮಲಗಿತ್ತು. ರಕ್ತದ ಚೀಲ ತೂಗುತ್ತಿತ್ತು, ನಳಿಕೆ ಇನ್ನೂ ತೆರೆದಿರಲಿಲ್ಲ.

"ನಿಲ್ಲಿಸಿ," ಇನ್ಸ್‌ಪೆಕ್ಟರ್ ಒಳನುಗ್ಗಿದರು. "ಸತ್ತ ನಾಯಿಯ ರಕ್ತದಲ್ಲಿ ಪರೋಪಜೀವಿ ಸಿಕ್ಕಿದೆ."

ವೈದ್ಯರು ಸಿಡುಕಿದರು. "ನಮ್ಮ ಆಸ್ಪತ್ರೆ ನಾಯಿ ಕರಿಯನ ರಕ್ತ ಇದು. ಪ್ರತಿ ಸಲ ಕಾಂಪೌಂಡರ್ ಪರೀಕ್ಷೆ ಮಾಡಿಯೇ ಕೊಡೋದು. ಸ್ಲೈಡ್ ಇಲ್ಲೇ ಇದೆ, ಶುದ್ಧವಾಗಿದೆ."

"ನಮ್ಮೆದುರು ಇನ್ನೊಂದು ತೆಗೀರಿ."

ಕರಿಯನ ಕಿವಿ ಚುಚ್ಚಿ, ವೈದ್ಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತಲೆ ಎತ್ತಿದಾಗ ಮುಖದಲ್ಲಿ ರಕ್ತವಿರಲಿಲ್ಲ; ಅದೇ ಪರೋಪಜೀವಿ ಕಂಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕಾಂಪೌಂಡರ್ ಬಾಗಿಲಿಗೆ ಒರಗಿದ್ದ.

"ಆ ಶುದ್ಧ ಸ್ಲೈಡ್ ಯಾರದು?" ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

"ಬೇರೆ ನಾಯಿದು ಸಾರ್."

"ಕರಿಯನಿಗೆ ಎಲ್ಲಿಂದ ಬಂತು?"

"ಗುಡ್ಡದ ಕಡೆ ಓಡಾಡೋಕೆ ಬಿಡ್ತಿದ್ದೆ. ಅಲ್ಲಿ ನರಿ ಬಿಲ ಇವೆ. ಒಂದ್ಸಲ ಮೈತುಂಬ ಉಣ್ಣಿ ತಂದ. ಜ್ವರ ಬಂತು, ತಾನೇ ಎದ್ದ."

"ರಕ್ತದಲ್ಲಿದೆ ಅಂತ ಯಾವಾಗ ಗೊತ್ತಾಯ್ತು?"

"ಮೊದಲನೇದು ಸತ್ತಾಗ."

"ಗೊತ್ತಿದ್ದೂ ಎರಡನೇದಕ್ಕೆ ಕೊಟ್ಟೆ."



"ಇದಕ್ಕೆ ಔಷಧ ಇದೆಯಲ್ಲೋ," ವೈದ್ಯರ ದನಿ ಒಡೆಯಿತು. "ನಂಗೆ ಹೇಳೋದಲ್ವಾ?"

"ವಾಸಿಯಾದ್ರೂ ಆಮೇಲೆ ಅವನ ರಕ್ತ ಬಳಸೋ ಹಾಗಿಲ್ಲ ಸಾರ್. ಯಾರಿಗೂ ಬೇಡದ ನಾಯಿ, ಸೂಜಿ ಹಾಕಿ ಮುಗಿಸು ಅಂದಿದ್ರಿ. ರಕ್ತ ಕೊಡ್ತಾನೆ ಅಂದಮೇಲೆ ಇರ್ಲಿ ಅಂದ್ರಿ."

ವೈದ್ಯರು ತೂಗುತ್ತಿದ್ದ ರಕ್ತದ ಚೀಲವನ್ನು ಕೆಳಗಿಳಿಸಿದರು. ಕಾಂಪೌಂಡರನ ತಪ್ಪಿಗೆ ಮಾಫಿಯಿಲ್ಲ, ಆದರೆ ಅವನ ಭಯ ಸುಳ್ಳಾಗಿರಲಿಲ್ಲ.

ತಾಯಿನಾಯಿಗೆ ಬೇರೆ ಆಸ್ಪತ್ರೆಯಿಂದ ರಕ್ತ ತರಿಸಲಾಯಿತು. ಕಾಂಪೌಂಡರನ ದಸ್ತಗಿರಿ ಆಯಿತು. ಜೀಪು ಹತ್ತುವಾಗ ಅವನು ಕೇಳಿದ್ದು ಒಂದೇ. "ಕರಿಯನ್ನ ಏನ್ಮಾಡ್ತಾರೆ ಸಾರ್?"

ಇನ್ಸ್‌ಪೆಕ್ಟರ್ ಜಪ್ತಿ ಪಂಚನಾಮೆ ಬರೆಯುತ್ತಿದ್ದ ಪೇದೆಯ ಕಡೆ ತಿರುಗಿದರು.

"ಎರಡು ಸ್ಲೈಡ್, ಒಂದು ರಕ್ತದ ಚೀಲ, ಒಂದು ಕಪ್ಪು ಗಂಡು ನಾಯಿ ಅಂತ ಸೇರಿಸು. ಔಷಧಿ ಕೊಡಿಸೋ ಜವಾಬ್ದಾರಿ ವೈದ್ಯರದು ಅಂತಲೂ ಬರಿ. ಕೇಸು ಮುಗಿಯೋ ತನಕ ಸಾಕ್ಷ್ಯಾನ ಯಾರೂ ಕೊಲ್ಲೋ ಹಾಗಿಲ್ಲ."

"ಕೇಸು ಯಾವಾಗ ಮುಗಿಯುತ್ತೆ ಸಾರ್?" ಪೇದೆ ಕೇಳಿದ.

"ನಾಯಿ ಆಯಸ್ಸಿನೊಳಗೆ ಮುಗಿಯಲ್ಲ. ನೀನು ಬರಿ."