ಇಲ್ಲವೆನ್ನದ ಮನೆಯ ಜುಟ್ಟಿನ ಗಿಳಿ

"ಅಣ್ಣ ತಂಗೀನ್ನ ಜೋಡಿ ಮಾಡಿ ಕೊಡಂಗಿಲ್ರಿ."

ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ ವಿರೂಪಣ್ಣ ತಬ್ಬಿಬ್ಬಾದ. ದೇವದುರ್ಗದಿಂದ, ಇದ್ದಲಿನ ಹೊಗೆಯಿಂದ ಓಡುವ ಯುದ್ಧಕಾಲದ ಮೋಟಾರಿನಲ್ಲಿ ಅಂಗಿಯೆಲ್ಲ ಮಸಿ ಮಾಡಿಕೊಂಡು ರಾಯಚೂರಿಗೆ ಬಂದಿದ್ದ. ಕೈಯಲ್ಲಿ ಒಂದು ಖಾಲಿ ಪಂಜರ.

"ನಾ ನಮ್ಮ ತಂಗೀನ್ನ ಕರ್ಕೊಂಡೇ ಬಂದಿಲ್ರಿ," ಎಂದ.

ಕಂಬದ ಮರೆಯಲ್ಲಿ ನಿಂತಿದ್ದ ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಕಣ್ಣುಗಳನ್ನು ಮುಚ್ಚುವುದು ಮರೆತಳು. ನಗೆಯೆಲ್ಲ ಅಲ್ಲಿಂದಲೇ ಹೊರಗೆ ಬಂತು. "ಹಕ್ಕೀ ಮಾತು ಹೇಳಾಕತ್ತೀನ್ರಿ," ಎಂದು ಒಳಗೆ ಸರಿದಳು.

ಅವಳು ಹತ್ತಿ ವ್ಯಾಪಾರಿ ಮುದುಕಪ್ಪನವರ ಮಗಳು ಸೂಗಮ್ಮ. ಯುದ್ಧ ಶುರುವಾದಾಗ ತನ್ನ ದೇಶಕ್ಕೆ ಹೊರಟ, ಹತ್ತಿ ಜಿನ್ನಿಂಗ್ ಗಿರಣಿಯ ಬಿಳಿ ದೊರೆಯೊಬ್ಬ ಈ ಮನೆಗೆ ಒಂದು ಜೋಡಿ ಹಕ್ಕಿ ಕೊಟ್ಟು ಹೋಗಿದ್ದ. ಕಾಕಟೀಲ್ ಎಂಬುದು ಅವನು ಹೇಳಿದ ಹೆಸರು. ಮನೆಯವರ ಬಾಯಲ್ಲಿ ಅವು ಜುಟ್ಟಿನ ಗಿಳಿಗಳಾದವು. ಮೋಡದಂಥ ಬೂದು ಮೈ, ಗಂಡಿಗೆ ಹಳದಿ ಮುಖ, ಕೆನ್ನೆಯ ಮೇಲೆ ಯಾರೋ ಕುಂಕುಮ ಒತ್ತಿದಂಥ ಬೊಟ್ಟು. ಹೆಣ್ಣಿಗೆ ಸೂಗಮ್ಮ ಗೌರಿ ಎಂದು ಹೆಸರಿಟ್ಟಿದ್ದಳು. ಪಂಜರವನ್ನು ದೇವರಮನೆಯ ಎದುರಿಗೆ ತೂಗುಹಾಕಿದ್ದರು. ಅಲ್ಲಿ ಮುತ್ತಜ್ಜ ಹಚ್ಚಿಟ್ಟ ನಂದಾದೀಪ ಹಗಲೂ ಇರುಳೂ ಉರಿಯುತ್ತಿತ್ತು.

ಮುದುಕಪ್ಪನವರು ಶಿವನಿಗೆ ನಡೆದುಕೊಂಡ ಮನುಷ್ಯ. ಕೇಳಿದವರಿಗೆ ಇಲ್ಲವೆನ್ನುವ ಮಾತು ಅವರ ನಾಲಿಗೆಗೆ ಬರುತ್ತಿರಲಿಲ್ಲ. ಕೇಳಿದ್ದನ್ನು ಕೂಡಲೇ ಕೊಡಲಾಗದಿದ್ದರೆ ಕೇಳಿದವರ ಅಂಗೈಯಲ್ಲಿ ಒಂದು ವಿಭೂತಿ ಗಟ್ಟಿ ಇಟ್ಟು ಮಾತು ಕೊಡುತ್ತಿದ್ದರು. ಮಾತು ಸಲ್ಲುವವರೆಗೆ ಆ ಗಟ್ಟಿ ಪಡೆದವರ ಬಳಿಯೇ ಇರಬೇಕು. ಅವರೇ ತಂದು ಒಪ್ಪಿಸಿದರೆ ಮಾತ್ರ ಮುದುಕಪ್ಪನವರಿಗೆ ಕೊಟ್ಟ ಮಾತಿನಿಂದ ಬಿಡುಗಡೆ. ಹೋದ ಶ್ರಾವಣದಲ್ಲಿ ಬಂದಿದ್ದ ವಿರೂಪಣ್ಣನ ತಾಯಿ, ಮರಿ ಮಾಡುವಂಥ ಒಂದು ಜೋಡಿ ಬೇಕೆಂದು ಕೇಳಿ ವಿಭೂತಿ ಪಡೆದು ಹೋಗಿದ್ದಳು.

ಈಗ ವಿರೂಪಣ್ಣ ಬಂದಾಗ ಗೂಡಿನಲ್ಲಿದ್ದದ್ದು ಎರಡೇ ಮರಿ, ಒಂದೇ ಸೂಲಿನ ಅಣ್ಣ ತಂಗಿ. ಸೂಗಮ್ಮ ಬಾಗಿಲ ಸಂದಿಯಿಂದಲೇ ಕಾರಣ ಹೇಳಿದಳು. ಸಿರವಾರದವರಿಗೆ ಹೀಗೆಯೇ ಒಡಹುಟ್ಟಿದ ಜೋಡಿ ಹೋಗಿತ್ತಂತೆ. ಅವುಗಳ ಮರಿಗಳಿಗೆ ಪುಕ್ಕ ಬರಲಿಲ್ಲ, ಕಾಲು ನಿಲ್ಲಲಿಲ್ಲ, ಗೂಡು ಬಿಡುವ ಮೊದಲೇ ಹೋದವು. ಮಾನ್ವಿಯ ವಲಿ ಪಾಷಾನ ಮನೆಯಲ್ಲಿ ಬೇರೆ ಕಡೆಯಿಂದ ತರಿಸಿದ ಗಂಡು ಇದೆ, ಅದಕ್ಕೆ ಇಲ್ಲಿಯ ಹೆಣ್ಣುಮರಿ ಕೂಡಿದರೆ ಸರಿ. ಆದರೆ ಈ ಹೆಣ್ಣುಮರಿ ಬಡವಾಗಿದೆ, ಮುಂದಿನ ಸೂಲಿಗೆ ಬನ್ನಿ ಎಂದಳು.

ವಿರೂಪಣ್ಣ ಬಂದ. ಹತ್ತಿ ಸಂತೆಯ ನೆಪ, ಎಣ್ಣೆ ಗಾಣದ ನೆಪ, ಕಡೆಗೆ ನೆಪವಿಲ್ಲದೆಯೂ ಬಂದ. ಪಡಸಾಲೆಯಲ್ಲಿ ಸೂಗಮ್ಮನ ಅಜ್ಜಿ ಬಸವಂತಮ್ಮ ತೊಡೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಅವಳ ಎದುರಿಗೇ ಅವರಿಬ್ಬರ ಮಾತು, ಅದೂ ಹಕ್ಕಿಯದೇ. ಈ ಮರಿ ಸಣ್ಣದು, ಒಯ್ಯಬೇಡಿ. ಇದಕ್ಕೆ ಇನ್ನೂ ತಾನೇ ಕಾಳು ಒಡೆಯಲು ಬರುವುದಿಲ್ಲ, ಒಯ್ಯಬೇಡಿ. ಪ್ರತಿ ಸಲವೂ ಒಲ್ಲೆ. ಪ್ರತಿ ಸಲವೂ ಅವನು ಖಾಲಿ ಪಂಜರ ಹಿಡಿದು, ಮುಖದಲ್ಲಿ ಮಾತ್ರ ನಗೆ ತುಂಬಿಕೊಂಡು ಹೋಗುತ್ತಿದ್ದ.

"ಏನಪಾ, ಹಕ್ಕೀ ನೋಡಾಕ ಬಂದೀ," ಎಂದಳು ಒಮ್ಮೆ ಅಜ್ಜಿ, "ಪಂಜರ ಆ ಕಡಿ ಅದ, ನಿನ್ನ ಮಾರಿ ಈ ಕಡಿ ಅದ."

ಅವತ್ತು ಸೂಗಮ್ಮನ ಕಿವಿಯ ಬೆಂಡೋಲೆ ಕೂಡ ಕೆಂಪಾದಂತೆ ಅವನಿಗೆ ಕಂಡಿತು. ಊರಿಗೆ ಮರಳುವ ದಾರಿಯುದ್ದಕ್ಕೂ ಜೋಳದ ಹೊಲಗಳು ಗಾಳಿಗೆ ಬಾಗಿ ಏನನ್ನೋ ಹೇಳುತ್ತಿದ್ದವು. ಮೋಟಾರು ಕೆಟ್ಟು ನಿಂತದ್ದೂ ಅವನಿಗೆ ತಿಳಿಯಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನು ಬಂದಾಗ ಕಂಬದ ಬಳಿ ಯಾರೂ ನಿಂತಿರಲಿಲ್ಲ. ಸೂಗಮ್ಮ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಗೌರಿ. ಮೈಯೆಲ್ಲ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ, ಬಾಲ ಏರಿಳಿಸುತ್ತ ಹಕ್ಕಿ ಏದುಸಿರು ಬಿಡುತ್ತಿತ್ತು. ಮೊಟ್ಟೆ ಹೊರಗೆ ಬಾರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಬೆಚ್ಚಗಿಡಬೇಕೆಂದು ಅವಳು ಅಂದದ್ದೇ ತಡ, ಅವನು ಒಳಗಿನಿಂದ ಕೆಂಡದ ಸಿಗಡಿ ತಂದ. ಅದರ ಮೇಲೆ ಅವಳು ನೀರಿನ ಚರಿಗೆ ಇಟ್ಟಳು. ಅವನು ಕೆಂಡಕ್ಕೆ ಬೂದಿ ಮುಚ್ಚಿ, ತೆಗೆದು, ಹದ ನೋಡುತ್ತ ಕೂತ. ಒಂದು ಪುಟ್ಟ ಜೀವದ ಉಸಿರನ್ನು ಇಬ್ಬರು ಕೂಡಿ ಕಾಯುವಾಗ ಜಗತ್ತು ಎಷ್ಟು ಮೆತ್ತಗಾಗುತ್ತದೆ ಎಂದು ಅವನಿಗೆ ಅನಿಸಿತು.

ಕಡೆಗೆ ಮೊಟ್ಟೆ ಬಂತು. ಗಟ್ಟಿ ಸಿಪ್ಪೆಯಿಲ್ಲ, ಬರೀ ಪೊರೆ.

"ಮೊಟ್ಟಿ ಇಟ್ಟಿಟ್ಟು ಮೈಯಾಗಿನ ಸುಣ್ಣೆಲ್ಲ ತೀರ್ಯದ್ರಿ," ಎಂದಳು ಸೂಗಮ್ಮ. ಮದ್ದೂ ಮಾರುವ ಅತ್ತರಿನ ಅಂಗಡಿಯಿಂದ ಸಮುದ್ರದ ನೊರೆ ಎಂಬ ಸುಣ್ಣದಂಥ ಬಿಳಿ ಮೀನೆಲುಬು ತರಿಸಿ ಪಂಜರಕ್ಕೆ ಕಟ್ಟಿದ್ದಳು. ಗೌರಿ ಅದನ್ನು ಕುಕ್ಕಿ ತಿಂದರೂ ಸಾಲುತ್ತಿರಲಿಲ್ಲ. ಕಾರಣ ಅವಳಿಗೆ ಈಗೀಗ ತಿಳಿದಿತ್ತು. ಅಪ್ಪ ಶ್ರೀಶೈಲಕ್ಕೆ ಹೋದಾಗ ಪಂಜರ ಒಳಗಿನ ಕತ್ತಲೆ ಕೋಣೆಯಲ್ಲಿತ್ತು; ಆಗ ಗೌರಿ ಮೊಟ್ಟೆ ಇಡಲೇ ಇಲ್ಲ, ಮೈ ತುಂಬಿಕೊಂಡಿತು. ದೀಪದ ಎದುರಿಗೆ ಬಂದದ್ದೇ ಸೂಲಿನ ಮೇಲೆ ಸೂಲು.

"ದೇವರ ಬೆಳಕಿನ್ಯಾಗ ಇದಕ್ಕ ರಾತ್ರೀನ ಇಲ್ರಿ. ಯಾವಾಗ್ಲೂ ಹಗಲಂತ ತಿಳ್ಕೊಂಡದ. ಇನ್ನೊಮ್ಮೆ ಹಿಂಗಾದ್ರ ಉಳಿಯಂಗಿಲ್ಲ."

ಒಳಗಿಡಬಹುದಲ್ಲ ಎಂದು ಅವನು ಕೇಳಿದ. ಅವಳು ತಲೆ ಎತ್ತಲಿಲ್ಲ. ಹಿಂದಿನ ಮರಿಗಳೆಲ್ಲ ಬೇರೆ ಕೇಳಿದವರ ಪಾಲಾಗಿವೆ, ಒಳಗಿಟ್ಟರೆ ಹೊಸ ಮರಿಯಿಲ್ಲ. ಮರಿಯಿಲ್ಲದಿದ್ದರೆ ಅಪ್ಪನ ಮಾತು ಸುಳ್ಳಾಗುತ್ತದೆ. ಆ ಮಾತು ಇರುವುದು ದೇವದುರ್ಗದಲ್ಲಿ, ನಿಮ್ಮ ಅವ್ವನ ಪೆಟ್ಟಿಗೆಯಲ್ಲಿ ಎಂದಳು.

ವಿರೂಪಣ್ಣ ಊರಿಗೆ ಹೋದ. ವಿಭೂತಿ ತಂದು ಒಪ್ಪಿಸಿದರೆ ಗೌರಿ ಉಳಿಯುತ್ತದೆ. ಆದರೆ ಮತ್ತೆ ಆ ಪಡಸಾಲೆಗೆ ಕಾಲಿಡಲು ಅವನಿಗೆ ನೆಪವೇ ಉಳಿಯುವುದಿಲ್ಲ. ಬೆಳಗಿನ ಪೂಜೆಗೆ ಕೂತಾಗ ಕಣ್ಣು ಮುಚ್ಚಿದರೆ ಲಿಂಗ ಕಾಣಲಿಲ್ಲ. ಬಟ್ಟೆಯೊಳಗಿನ ಆ ಹಕ್ಕಿಯ ಅರೆಗಣ್ಣು ಕಂಡಿತು. ಎದ್ದು ತಾಯಿಗೆ ಎಲ್ಲವನ್ನೂ ಹೇಳಿದ. ಆಕೆ ಮಗನ ಮುಖ ನೋಡಿ, ಏನೂ ಕೇಳದೆ ಪೆಟ್ಟಿಗೆ ತೆರೆದಳು.

ಮಾರನೆಯ ದಿನ ಮುದುಕಪ್ಪನವರ ಮುಂದೆ ಅವನು ವಿಭೂತಿ ಗಟ್ಟಿಯನ್ನು ಇಟ್ಟ. ಮರಿ ಬೇಡವೆಂದೂ ಗೌರಿಗೆ ಕತ್ತಲೆ ಬೇಕೆಂದೂ ಹೇಳಿದ. ಹಿರಿಯರು ದೀಪದಿಂದ ಪಂಜರದ ಕಡೆ ನೋಡಿದರು. ತಮ್ಮ ಕೊಡುಗೆಯ ಭಾರವನ್ನು ಒಂದು ಹಕ್ಕಿ ಹೊತ್ತಿದ್ದು ತಿಳಿಯಲೇ ಇಲ್ಲವೆಂದು ನೊಂದುಕೊಂಡರು. ಆಮೇಲೆ ಅಂದರು, "ಈ ಮನಿಯಿಂದ ಯಾರೂ ಬರೀ ಕೈಲೆ ಹೋಗಿಲ್ಲಪಾ. ಬ್ಯಾರೆ ಏನರ ಕೇಳು."

ವಿರೂಪಣ್ಣ ಒಂದು ಮಾತು ಅಂದರೆ ಸಾಕು, ಸೂಗಮ್ಮ ಸಿಗುತ್ತಿದ್ದಳು. ಅದಕ್ಕಾಗಿಯೇ ಅನ್ನಲಾಗಲಿಲ್ಲ.

"ನಿಮ್ಮನ್ನ ಕೇಳಂಗಿಲ್ರಿ ಯಪ್ಪಾ. ನಿಮ್ಗ ಇಲ್ಲ ಅನ್ನಾಕ ಬರಂಗಿಲ್ಲ." ಅವನು ಕಂಬದ ಬಳಿ ನಿಂತಿದ್ದ ಸೂಗಮ್ಮನ ಕಡೆ ತಿರುಗಿದ. "ಇವ್ರಿಗೆ ಬರ್ತದ. ಇವ್ರನ್ನ ಕೇಳ್ತೀನಿ. ನಮ್ಮ ಮನಿಗೆ ಬರ್ತೀರೇನ್ರಿ? ಒಲ್ಲೆ ಅಂದ್ರ ಸುಮ್ಮನ ಹೋಗ್ತೀನಿ."

ಅಜ್ಜಿಯ ಬತ್ತಿ ತೊಡೆಯ ಮೇಲೆಯೇ ನಿಂತಿತು. ಮುದುಕಪ್ಪನವರು ಬೆರಗಾಗಿ ಮಗಳನ್ನು ನೋಡಿದರು. ಇಷ್ಟು ವರ್ಷ ಎಲ್ಲರೂ ಕೇಳಿದ್ದು ಅವರನ್ನೇ.

ಸೂಗಮ್ಮ ಕಂಬವನ್ನು ಬಿಟ್ಟು ಈಚೆಗೆ ಬಂದಳು.

"ಇಷ್ಟ್ ದಿನಾ ನೀವು ಕೇಳಿದ್ದಕ್ಕೆಲ್ಲ ಒಲ್ಲೆ ಅಂದೀನಿ," ಎಂದಳು. "ಇದಕ್ಕ ಅನ್ನಂಗಿಲ್ರಿ."

ಆ ಸಂಜೆ ಅವಳೇ ಪಂಜರವನ್ನು ಒಳಕೋಣೆಗೆ ಒಯ್ದು ಕದ ಎಳೆದಳು. ಗೌರಿ ಒಂದಿಷ್ಟು ಹೊತ್ತು ಕತ್ತಲೆಯನ್ನು ಆಲಿಸಿತು. ಆಮೇಲೆ ಜುಟ್ಟು ಇಳಿಸಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಬೆನ್ನ ಗರಿಗಳಲ್ಲಿ ಮುಖ ಹುದುಗಿಸಿ ಮಲಗಿತು.