ಶೀತ ಹಿಡಿದ ಗಂಟೆ

ದ್ವೀಪನಾಡಿನ ರಾಜಧಾನಿ ಹೊನಿಯಾರಾದ ಪೊಲೀಸ್ ಮೈದಾನದಲ್ಲಿ, ಬಾಂಬು ತೆಗೆಯುವ ಕೆಲಸ ಕಲಿಯಲು ಬಂದವರಿಗೆ ಸಾರ್ಜೆಂಟ್ ತೊಜಾಕಾ ಹಳೆಯ ಯುದ್ಧದ ಎರಡು ಫಿರಂಗಿ ಶೆಲ್ಲುಗಳನ್ನು ಕೋಲಿನಿಂದ ತಟ್ಟಿ ತೋರಿಸಿದ. ಖಾಲಿಯದು ಠಣ್ ಎಂದಿತು. ಮದ್ದಿನ ಬದಲು ಗಾರೆ ತುಂಬಿಸಿದ್ದು ಡಬ್ ಎಂದಿತು. ಕಾಡಿನಲ್ಲಿ ಮಾತ್ರ ಹೀಗೆ ತಟ್ಟಿ ನೋಡಬೇಡಿ ಅಂದಾಗ ಎಲ್ಲರೂ ನಕ್ಕರು.

ಎಲ್ವೀನಾ ನಗಲಿಲ್ಲ. ಅವಳ ಊರಿನ ಚರ್ಚಿನಲ್ಲಿ ಗಂಟೆಯೆಂದು ತೂಗಿಬಿಟ್ಟ ಶೆಲ್ಲು ನಲವತ್ತು ವರ್ಷದಿಂದ ಡಬ್ ಎನ್ನುತ್ತಿತ್ತು. ನಿಮ್ಮ ಗಂಟೆಗೆ ಶೀತ ಹಿಡಿದಿದೆ ಎಂದು ಆಚೆ ದಡದ ಊರಿನವರು ಆಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸಂಜೆ ಅದನ್ನು ಬಡಿಯುವವನು ಅವಳ ಸೋದರಮಾವ ಹಿಯೆಲೆ.

ಊರಿಗೆ ಫೋನಿಲ್ಲ. ಅಂದೇ ಹಡಗು ಹತ್ತಿದರು: ಸಾರ್ಜೆಂಟ್, ಎಲ್ವೀನಾ, ಅವಳ ಜೊತೆ ಕಲಿಯುತ್ತಿದ್ದ ಕೇಕಾ. ಮರುದಿನ ಮೋಟಾರು ದೋಣಿ ಹಸಿರು ನೀರಿನ ಹವಳದ ದಿಬ್ಬಗಳ ನಡುವೆ ನುಸುಳಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಬೇರಿನ ಕತ್ತಲೆಯ ಕಾಲುವೆ ಹೊಕ್ಕು, ಅವರನ್ನು ಗುಡ್ಡದ ಬುಡದಲ್ಲಿ ಇಳಿಸಿತು. ಕೇಕಾನ ಬೆನ್ನಿಗೆ ತಳ ಕೊಯ್ದ ಹಳೆಯ ಗ್ಯಾಸ್ ಸಿಲಿಂಡರು. ಇದನ್ನು ಹೊತ್ತೇ ಸಾಯುತ್ತೇನೆ, ಬಾಂಬು ಬೇಕಾಗಿಲ್ಲ ಎಂದು ಗೊಣಗುತ್ತಲೇ ಹತ್ತಿದ.

ಸೂರ್ಯ ಇಳಿಯುತ್ತಿದ್ದ. ಎಲ್ವೀನಾ ಓಡಿದಳು.

ಹಿಯೆಲೆ ಕಬ್ಬಿಣದ ಸರಳು ಎತ್ತಿದ್ದ. ಅವಳು ಆ ಕೈ ಹಿಡಿದುಕೊಂಡಳು.

"ಬಿಡೇ, ಪ್ರಾರ್ಥನೆಗೆ ಹೊತ್ತಾಯ್ತು."

"ಆಗ್ಲಿ ಮಾಮ."

"ನಲವತ್ತು ವರ್ಷ ಬಡ್ದಿದೀನಿ. ಒಂದಿನ ತಿರುಗಿ ಬೈದಿಲ್ಲ ಇದು."

"ಇದಕ್ಕೆ ಶೀತ ಅಲ್ಲ ಮಾಮ. ಹೊಟ್ಟೆ ತುಂಬಿದೆ."

ಮುದುಕ ಗಂಟೆಯನ್ನು ನೋಡಿದ. ಅದರ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದ ಮಕ್ಕಳನ್ನು ನೋಡಿದ. ಸರಳು ಮೆಲ್ಲಗೆ ಕೆಳಗಿಳಿಯಿತು.

ಬೆಳಕು ಹರಿಯುತ್ತಲೇ ಕೇಕಾ ಊರವರನ್ನೆಲ್ಲ ಗುಡ್ಡದಾಚೆ ಕರೆದೊಯ್ದ. ಎಲ್ವೀನಾ ಶೆಲ್ಲನ್ನು ತಬ್ಬಿ ನಿಂತಳು. ಸಾರ್ಜೆಂಟ್ ಹಗ್ಗ ಕೊಯ್ದ.

ಭಾರ ಎದೆಗೆ ಬಂತು. ನಿದ್ದೆಗೆ ಜಾರಿದ ಕೂಸನ್ನು ಮಲಗಿಸುವ ಹಾಗೆ ಅದನ್ನು ಮರಳಿನ ಪೆಟ್ಟಿಗೆಯಲ್ಲಿ ಇಳಿಸಿದಳು. ಇಬ್ಬರೂ ಪೆಟ್ಟಿಗೆ ಎತ್ತಿದರು. ಮಣ್ಣು ಕುಸಿದ ಹಳ್ಳದವರೆಗೆ ನೂರು ಹೆಜ್ಜೆ.

ಅರವತ್ತನೆಯದರಲ್ಲಿ ಹಸಿ ಬೇರಿನ ಮೇಲೆ ಅವಳ ಕಾಲು ಜಾರಿತು. ಮೊಣಕಾಲು ಕಲ್ಲಿಗೆ ಬಡಿಯಿತು. ಕೈ ಅಲುಗಲಿಲ್ಲ.

"ಅವಸರ ಇಲ್ಲ ಮಗಳೇ," ಎಂದ ಸಾರ್ಜೆಂಟ್. "ಉಸಿರಾಡು."

ಮರಳ ಚೀಲಗಳ ನಡುವೆ ಅದನ್ನು ಸಿಡಿಸಿದಾಗ ಗುಡ್ಡದ ಗಿಳಿಗಳೆಲ್ಲ ಒಮ್ಮೆಲೇ ಎದ್ದವು.

ಆ ಸಂಜೆ ಹಿಯೆಲೆ ಹಳೆಯ ಗಂಟೆಯ ಜಾಗದಲ್ಲಿ ತೂಗಿಬಿಟ್ಟ ಸಿಲಿಂಡರಿಗೆ ಬಡಿದ. ಠಣ್! ಮಕ್ಕಳು ಕುಣಿದವು. ಅವನು ಮಾತ್ರ ಮುಖ ಸಿಂಡರಿಸಿ, ಥೇಟ್ ಆಚೆ ದಡದವರ ಗಂಟೆಯೇ ಎಂದ.

ಎಲ್ವೀನಾ ಕುಂಟುತ್ತಾ ದೋಣಿಯ ಕಡೆ ಇಳಿಯುತ್ತಿದ್ದಾಗ ಹಿಂದಿನಿಂದ ಸದ್ದು ಬಂತು. ಡಬ್. ಥಟ್ಟನೆ ತಿರುಗಿದಳು.

ಮಾಮ ತನ್ನ ಚಾಪೆಯನ್ನು ಸಿಲಿಂಡರಿಗೆ ಸುತ್ತಿ ಬಡಿಯುತ್ತಿದ್ದ. ಈಗ ಅವನ ಮುಖ ಅರಳಿತ್ತು.